ಬೀದಿಗೆ ಬೆನ್ನು

೪, ಸೋಮವಾರ, ಬೆಳಿಗ್ಗೆ ೭

ಮತ್ತೆ ಅದೇ ಪ್ಯಾಂಟು. ಮೊದಲು ಬೊಂಬೆಯ ಕಾಲು ಕಳಚಬೇಕು, ಪ್ಯಾಂಟು ತೊಡಿಸಬೇಕು, ಆಮೇಲೆ ಕಾಲು ಸಿಕ್ಕಿಸಬೇಕು. ಇವತ್ತು ಎಲ್ಲ ಸಿಕ್ಕಿಸಿ ನಿಲ್ಲಿಸಿದ ಮೇಲೆ ಪ್ಯಾಂಟು ನೆನಪಾಯಿತು. ಅತ್ತೆ ಬೈಯದೆ ಮತ್ತೆ ಕಾಲು ಕಳಚಿದರು. ಅದೇ ಭಯ. ಹಾಸ್ಟೆಲ್ ವಾರ್ಡನ್ ಆಗಿದ್ದರೆ ಬೈದು ಮುಗಿಸುತ್ತಿದ್ದರು.

ಅಪ್ಪನ ತಂಗಿಗೆ ಅಪ್ಪನ ಸಿಟ್ಟು ಒಂದು ಚೂರೂ ಬಂದಿಲ್ಲ. ಬೆಳಿಗ್ಗೆ ಬಟ್ಟೆ ಅಂಗಡಿಯ ಶೋಕೇಸ್ ಸಿಂಗರಿಸುತ್ತಾರೆ, ಮಧ್ಯಾಹ್ನ ಮನೆಯಲ್ಲಿ ಚಿತ್ರ ಬರೆಯುತ್ತಾರೆ, ಎರಡೂ ಹೊತ್ತು ಗುನುಗುತ್ತಾರೆ. ನಾನು ಆರ್ಟ್ ಕಾಲೇಜು ಫಸ್ಟ್ ಇಯರ್, ಇರೋದು ಅವರ ಮನೆಯಲ್ಲೇ, ಬೆಳಿಗ್ಗೆ ಅಂಗಡಿಯಲ್ಲಿ ಅವರಿಗೆ ಸಹಾಯ. ಎರಡೂ ಹೊತ್ತು ಟೆನ್ಷನ್.

೬, ಬುಧವಾರ

ಅತ್ತೆ ಈಗಷ್ಟೇ ಹೇಳಿದರು. ಪಕ್ಕದ ಸಣ್ಣ ಶೋಕೇಸ್ ನನಗಂತೆ. ಒಬ್ಬಳಿಗೇ! ಶನಿವಾರ ಅಂಗಡಿ ಯಜಮಾನಿ ನೋಡಿ ಒಪ್ಪಿದರೆ ವರ್ಷವಿಡೀ ನನ್ನದು. ಒಪ್ಪದಿದ್ದರೆ... ಪ್ಯಾಂಟು.

೭, ಗುರುವಾರ

ಪ್ಲಾನ್: ಹಿನ್ನೆಲೆಗೆ ನಾನೇ ಬರೆದ ಚಿತ್ರ — ಗಾಳಿಗೆ ಬಾಗಿದ ಹಳದಿ ಹುಲ್ಲು. ನೀಲಿ ಫ್ರಾಕಿನ ಬೊಂಬೆ ಅದನ್ನು ನೋಡುತ್ತಾ ಮೈಮರೆತಿರಬೇಕು. ಅತ್ತೆಗೆ ಹೇಳಿಲ್ಲ. ಹೇಳಿದರೆ ಸಲಹೆ ಕೊಡುತ್ತಾರೆ. ಆಗ ಅದು ಅವರದಾಗಿಬಿಡುತ್ತದೆ.

೯, ಶನಿವಾರ, ಬೆಳಿಗ್ಗೆ ೮.೧೦

ಮುಗಿಯಿತು! ಫ್ರಾಕು ಬೊಂಬೆಗೆ ದೊಗಳೆ. ಅತ್ತೆ ಕಲಿಸಿದಂತೆ ಬೆನ್ನ ಹಿಂದೆ ಮಡಿಸಿ ಗುಂಡುಸೂಜಿ ಚುಚ್ಚಿದೆ. ಎದೆಯ ಮೇಲೆ ಒಂದು ಸುಕ್ಕೂ ಇಲ್ಲ. ಆಮೇಲೆ ಚಿತ್ರದ ಕಡೆ ತಿರುಗಿಸಿ ನಿಲ್ಲಿಸಿದೆ. ಒಳಗಿನಿಂದ ನೋಡಿದರೆ... ಪರ್ಫೆಕ್ಟ್.

೯, ಸಂಜೆ

ಎಲ್ಲ ಕ್ರಮವಾಗಿ ಬರೆಯಬೇಕು.

ಹತ್ತೂವರೆಗೆ ಅಂಗಡಿ ಮುಂದೆ ಜನ. ನಗುತ್ತಿದ್ದರು. ಹೊರಗೆ ಹೋಗಿ ನೋಡಿದೆ — ಬೀದಿಗೆ ಕಾಣುತ್ತಿದ್ದುದು ಬೊಂಬೆಯ ಬೆನ್ನು! ಮುದುರಿದ ಬಟ್ಟೆ, ಅಡ್ಡಾದಿಡ್ಡಿ ಸೂಜಿ. ಒಂದೇ ಒಂದು ಸಲ ಹೊರಗೆ ಬಂದು ನೋಡಿರಲಿಲ್ಲ ನಾನು.

ಟ್ರಯಲ್ ರೂಮಿನಲ್ಲಿ ಬಚ್ಚಿಟ್ಟುಕೊಂಡೆ. ಅತ್ತೆ ಪರದೆಯಾಚೆ ನೆಲದ ಮೇಲೆ ಕೂತರು.

“ಎಷ್ಟು ಸೂಜಿ?”

“ಇಪ್ಪತ್ತಾರು.”

“ನಾನು ಮೊದಲ್ನೇ ಸಲ ನಲವತ್ತು ಚುಚ್ಚಿದ್ದೆ ಕಣೆ. ಬೊಂಬೆ ಅಂತ ಸುಮ್ನಿತ್ತು ಪಾಪ.” ಆಮೇಲೆ, “ಯಜಮಾನಿ ಬರೋಕೆ ಅರ್ಧ ಗಂಟೆ ಇದೆ. ತಿರುಗಿಸ್ತೀಯೋ, ಹಾಗೇ ಬಿಡ್ತೀಯೋ? ನಿನ್ ಶೋಕೇಸು.”

ಹಾಸ್ಟೆಲ್‌ನಲ್ಲಿ ಹನ್ನೊಂದು ವರ್ಷ. ಏಳೋದಕ್ಕೂ ಬೆಲ್, ಉಣ್ಣೋದಕ್ಕೂ ಬೆಲ್. ಹೀಗೆ ಯಾರೂ ಕೇಳಿರಲಿಲ್ಲ.

ತಿರುಗಿಸಲಿಲ್ಲ. ಸೂಜಿ ಎಲ್ಲ ಕಿತ್ತೆ. ಕೆಂಪು ತಲೆಯ ಸೂಜಿ ತಂದು, ಕತ್ತಿನಿಂದ ಸೊಂಟದವರೆಗೆ ಒಂದೇ ಸಾಲು — ಗುಂಡಿ ಹೊಲಿದ ಹಾಗೆ, ನೇರ.

ಯಜಮಾನಿ ಫುಟ್‌ಪಾತಿನಲ್ಲಿ ತುಂಬ ಹೊತ್ತು ನಿಂತರು. ಇದು ಯಾರ ಐಡಿಯಾ ಎಂದರು. ತಪ್ಪಾಗಿ ಆಗಿದ್ದು ಎಂದುಬಿಟ್ಟೆ. ಅತ್ತೆ ಕಣ್ಣು ಮುಚ್ಚಿಕೊಂಡರು.

“ಸೂಜಿ ಕೆಂಪಾಗಿದ್ದೂ ತಪ್ಪಾಗಿನಾ?”

“ಇಲ್ಲ ಮೇಡಂ. ಅದು ನಾನೇ.”

“ಹಾಗಾದ್ರೆ ಇದು ನಿಂದೇ ಇರ್ಲಿ.”

ನನ್ನದು. ವರ್ಷವಿಡೀ!

೧೦, ಭಾನುವಾರ

ಮುಂದಿನದರಲ್ಲಿ ಬೊಂಬೆ ಕೂತಿರಬೇಕು. ಕೂರುವ ಬೊಂಬೆ ಅಂಗಡಿಯಲ್ಲಿಲ್ಲ. ಹೇಗೆ ಕೂರಬೇಕು ಅಂತ ತೋರಿಸುತ್ತೇನೆಂದು ಅತ್ತೆ ಅಡುಗೆಮನೆ ಕಟ್ಟೆ ಹತ್ತಿದ್ದಾರೆ. ಕಾಲ ಮೇಲೆ ಕಾಲು, ತಲೆಗೆ ಟವೆಲ್, ಕೈಯಲ್ಲಿ ಸೌಟು. ಅಲ್ಲಾಡದೆ ಬರ್ಕೋ ಅನ್ನುತ್ತಿದ್ದಾರೆ, ತಾವೇ ಅಲ್ಲಾಡುತ್ತಾ... ನಗು ತಡೆಯೋಕೆ ಆಗ್ತಿಲ್ಲ, ಗೆರೆ ಎಲ್ಲ ಸೊಟ್ಟ, ಈಗ ಸೌಟು ಜಾರಿ—