ದೇವರ ಜಗಲಿಯ ಮೇಲಿನ ಕೊರಡು

ಭದ್ರಾವತಿ
೯-೪-೧೯೬೨

ಭಾವ ಷಡಕ್ಷರಪ್ಪನವರಿಗೆ ಶರಣು. ಕ್ಷೇಮ ಸಮಾಚಾರ ಬರೆಯುವ ಮನಸ್ಸಿಲ್ಲ.

ನಾನು ತರಬೇತಿಗೆ ಜಪಾನಿಗೆ ಹೊರಟಾಗ, ಮೊದಲೇ ಅಲ್ಲಿಗೆ ಹೋಗಿಬಂದಿದ್ದ ನೀವು ಶಿವಮೊಗ್ಗ ಸ್ಟೇಷನ್ನಿನಲ್ಲಿ ಏನು ಹೇಳಿದಿರಿ? "ಆ ಸೋಬಾ ಅಜ್ಜಿ ಅಂಗಡೀಲೇ ಉಣ್ಣು ಮಾರಾಯ. ಸೋಬಾ ಅಂದ್ರೆ ಕೈಯಲ್ಲೇ ಲಟ್ಟಿಸಿ ಕೊಯ್ದ ಶಾವಿಗೆ, ಜೊತೆಗೆ ಬಿಸಿ ಸಾರು. ಲಿಂಗ ಕಟ್ಟಿದೋರಿಗೆ ಏನೂ ತೊಂದ್ರೆ ಇಲ್ಲ."

ನಂಬಿದೆ. ಐದು ತಿಂಗಳು ಎರಡು ಹೊತ್ತೂ ಅಲ್ಲೇ ಉಂಡೆ. ಅಜ್ಜಿ ಆ ಕಂದು ಹಿಟ್ಟು ನಾದುವಾಗ ನಮ್ಮ ಅವ್ವನೇ ಕಣ್ಣಿಗೆ ಕಟ್ಟುತ್ತಿದ್ದಳು. ಹೊರಡುವ ದಿನ ಅಜ್ಜಿ ಕಾಗದದಲ್ಲಿ ಸುತ್ತಿ ಒಂದು ಒಣ ಕೊರಡು ಕೊಟ್ಟರು. ಗಂಧದಂಥ ಮರವಿರಬೇಕೆಂದು ಅವ್ವನಿಗೆ ತಂದುಕೊಟ್ಟೆ. ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು ದಿನವೂ ವಿಭೂತಿ ಹಚ್ಚುತ್ತಿದ್ದಾಳೆ.

ಕಾರ್ಖಾನೆಗೆ ಬಂದಿರುವ ಜಪಾನಿ ಎಂಜಿನಿಯರರು ನಿನ್ನೆ ನಮ್ಮ ಮನೆಗೆ ಊಟಕ್ಕೆ ಬಂದವರು ಅದನ್ನು ನೋಡಿ ನಕ್ಕುಬಿಟ್ಟರು. ಅದು ಮರವಲ್ಲ, ಒಣಗಿಸಿದ ಮೀನು. ಅದನ್ನು ತುರಿದು ಹಾಕಿಯೇ ಆ ಸಾರು ಮಾಡುವುದಂತೆ. ನಿಮ್ಮ ಜೊತೆ ಅಲ್ಲೇ ಉಂಡವರು ಅವರು. ನಿಮಗೆ ಇದು ಮೊದಲ ವಾರವೇ ಗೊತ್ತಾಗಿತ್ತಂತೆ. ಅವ್ವನಿಗೆ ಇಂಗ್ಲಿಷ್ ಬಾರದ್ದರಿಂದ ನಿಮ್ಮ ಮರ್ಯಾದೆ ಇನ್ನೂ ಉಳಿದಿದೆ.

ಭಾನುವಾರ ಮೊದಲ ಬಸ್ಸಿಗೇ ಬನ್ನಿ. ಕೊರಡನ್ನು ನೀವೇ ಜಗಲಿಯಿಂದ ಇಳಿಸಬೇಕು, ಅವ್ವನಿಗೂ ನೀವೇ ಹೇಳಬೇಕು. ಅಕ್ಕನನ್ನು ಅಡ್ಡ ನಿಲ್ಲಿಸಿಕೊಳ್ಳಲು ಕರೆತರಬೇಡಿ.

ಮೋಸವನ್ನಾದರೂ ಒಂದು ದಿನ ಮರೆತೇನು. ಆ ಸಾರಿನ ರುಚಿ ಇನ್ನೂ ನಾಲಿಗೆ ಬಿಟ್ಟಿಲ್ಲ. ಅದಕ್ಕೆ ಮಾತ್ರ ನಿಮ್ಮನ್ನು ಕ್ಷಮಿಸಲಾರೆ.

ನಿಮ್ಮ ಮಾತು ನಂಬಿ ಉಂಡ ಭಾಮೈದ,
ಗಂಗಾಧರಪ್ಪ