ಅಳಿಯನ ರಕ್ತ, ಮಾವನ ಎದೆ

ಗಜೇಂದ್ರಗಡ, ೨೩೧೯ನೇ ಇಸವಿ, ಎರಡನೇ ಶ್ರಾವಣದ ನಲವತ್ತೊಂದನೇ ದಿನ.

ಸಮಸ್ತ ಭೂಮಂಡಲಕ್ಕೂ, ಚಂದ್ರನ ಮೇಲಿನ ನಮ್ಮ ಬೀಗರಿಗೂ ತಿಳಿಯಪಡಿಸುವುದೇನೆಂದರೆ, ಇಂದು ಬೆಳಗ್ಗೆ ನಾನು ಸುಟ್ಟ ರೊಟ್ಟಿ ಉಬ್ಬಿತು.

ನೀಲಗಂಗವ್ವಜ್ಜಿ, ನಾನು ನಿನ್ನ ಮೊಮ್ಮಗಳ ಮೊಮ್ಮಗಳ ವಂಶದ ಕುಡಿ, ಹೆಸರು ಸುವ್ವಾಲಿ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸು. ಮುನ್ನೂರು ವರ್ಷದಲ್ಲಿ ಭಾಷೆಗೂ ಕೂದಲು ನೆರೆಯುತ್ತದೆ.

ಇಲ್ಲಿ ಪ್ರತಿ ಮನೆಯ ಹೊಸ್ತಿಲಲ್ಲೂ ಎದೆದೀಪಗಳಿವೆ. ಮನೆಯವರ ಎದೆ ಬಡಿದ ಹಾಗೆ ಅವು ಮಿನುಗುತ್ತವೆ. ಸಂಜೆ ಮೋಡಗಳು ಮಾಳಿಗೆಗೆ ಇಳಿದಾಗ ಓಣಿಗೆ ಓಣಿಯೇ ಉಸಿರಾಡಿದಂತೆ ಕಾಣುತ್ತದೆ. ನನ್ನ ಮಗಳು ಹೊಂಬಾಳೆಯ ದೀಪ ಮಾತ್ರ ಎರಡು ಸಲ ಮಿನುಗಿ, ಏನೋ ನೆನಪಾದಂತೆ ನಿಂತು, ಮತ್ತೆ ಮಿನುಗುತ್ತದೆ. ಅದಕ್ಕೆ ಕುಲಮದ್ದು ಬೇಕು, ಅಂದರೆ ಹಿರಿಯರ ರಕ್ತದ ಗುಟ್ಟು ತಿಳಿದು ಕುಲಕ್ಕೊಂದರಂತೆ ಕುದಿಸುವ ಔಷಧ.

ಈ ವಿದ್ಯೆಯ ಬೀಜ ಬಿದ್ದದ್ದು ನಿನ್ನ ಕಾಲದಲ್ಲಿ. ನಮ್ಮಂಥ ಊರುಗಳಲ್ಲಿ ನಡುವಯಸ್ಸಿನ ಎದೆಗಳು ಸಾಲುಸಾಲಾಗಿ ನಿಲ್ಲತೊಡಗಿದಾಗ, ನಮ್ಮ ಸೀಮೆಯ, ಢಾಕಾದ, ಕಂಪಾಲಾದ ವೈದ್ಯರು ಒಟ್ಟುಗೂಡಿ, ವಂಶವಾಹಿಗಳನ್ನು ಹೋಲಿಸಲು ಮನೆಮನೆಯ ರಕ್ತ ಕೇಳಿದರು. ಢಾಕಾದವರು ಕೊಟ್ಟರು. ಕಂಪಾಲಾದವರೂ ಕೊಟ್ಟರು. ನೀನು ಮಾತ್ರ, ತಾಯಿ, ಕನ್ಯೆ ತೋರಿಸುವ ಶಾಸ್ತ್ರ ಮಾಡಿದೆ!

ಕಿರಿಮಗಳಿಗೆ ಗಂಡು ಗೊತ್ತಾಗುತ್ತಿತ್ತು. ಎದೆರೋಗದ ಮನೆತನ ಎಂದರೆ ಸಂಬಂಧ ಮುರಿದೀತೆಂಬ ಭಯ. ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಳ್ಳುವ ನಿನ್ನ ಯಜಮಾನ ಈರಸಂಗಪ್ಪನನ್ನು ಅಡುಗೆಮನೆಯಲ್ಲಿ ಕೂರಿಸಿ, ಕುಸ್ತಿ ಆಡುವ ಹಿರಿಯಳಿಯ ಗುರುಸಿದ್ದನನ್ನು ಮುಂದೆ ತಳ್ಳಿದೆ. ಆ ದಿನ ವೈದ್ಯರು ಮುದ್ರಿಸಿಕೊಂಡ ನಿನ್ನ ಧ್ವನಿ ಇಲ್ಲಿನ್ನೂ ಉಳಿದಿದೆ: “ನಮ್ಮ ಯಜಮಾನ್ರಿಗೆ ಏನಾಗೇತ್ರೀ, ಬರೇ ಗ್ಯಾಸು! ಇವನ ರಕ್ತಾ ತಗೋರಿ. ನಮ್ಮ ಮಗಾನ ರೀ ಇವ!”

ಒಳಗಿನಿಂದ ಈರಸಂಗಪ್ಪನದೂ ಕೇಳುತ್ತದೆ: “ಲೇ, ನನ್ನೂ ಒಮ್ಮೆ ಕೇಳ್ರಲೇ!”

“ನೀವು ಸುಮ್ ಕುಂದರ್ರಿ. ಬೀಗರ ಕಿವಿ ಎಲ್ಲಾ ಕಡೆ ಅದಾವ.”

ಕಂಪಾಲಾದ ಡಾಕ್ಟರಮ್ಮ ನಂಬಿ, ಮಗನೆಂದೇ ಬರೆದುಕೊಂಡಳು. ಹೀಗಾಗಿ ಇಂದಿಗೂ ಮದ್ದಿನ ಯಂತ್ರ ನನ್ನನ್ನು ಕಂಡೊಡನೆ ಅಭಿನಂದಿಸುತ್ತದೆ: ನಿಮ್ಮದು ಕುದುರೆಯೆದೆಯ ಕುಲ, ಔಷಧ ಬೇಕಿಲ್ಲ. ಹೊಂಬಾಳೆ ನಗುತ್ತಾಳೆ, ನಗುವಾಗ ದಮ್ಮು ಹತ್ತುತ್ತದೆ. ಮುಂದಿನ ಮಳೆಗಾಲದವರೆಗೆ ಅವಳಿರುವುದು ಸಂಶಯ ಎನ್ನುತ್ತಾರೆ.

ಈ ಓಲೆ ಕಾಲದಲ್ಲಿ ಹಿಂದಕ್ಕೆ ಹರಿದು ಆ ದಿನದ ಮುನ್ನಾದಿನವೇ ನಿನ್ನ ಕೈ ಸೇರುತ್ತದೆ; ರಕ್ತ ಕೇಳುವ ವೈದ್ಯರು ನಿನ್ನ ಮನೆಗೆ ಬರುವುದು ನಾಳೆ. ಕಿರಿಮಗಳ ಮದುವೆಗೆ ಅಂಜಬೇಡ; ಆ ಬೀಗರು ಒಪ್ಪುತ್ತಾರೆ, ಅವರ ಮನೆಯಲ್ಲೂ ಎಲ್ಲರಿಗೂ ಗ್ಯಾಸೇ. ನಸುಕಿನಲ್ಲೇ ಗುರುಸಿದ್ದನನ್ನು ಗರಡಿಗೆ ಕಳಿಸಿಬಿಡು. ಈರಸಂಗಪ್ಪಜ್ಜನ ಅಂಗಿ ತೋಳು ಮೇಲಕ್ಕೆ ಮಡಚು. ಚಹಾ ಮಾತ್ರ ರಕ್ತ ತೆಗೆದ ಮೇಲೆ ಕೊಡು.