ಅವ್ವನ ಕೈ ನೋಡಲು ಅಮೆರಿಕಕ್ಕೆ ಹೋಗಬೇಕೇ?

ಕೈಮಗ್ಗ ಪ್ರಚಾರದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಇಳಕಲ್ಲಿನ ನಮ್ಮ ಮನೆಯಲ್ಲಿ, ನಮ್ಮದೇ ಮಗ್ಗದ ಮೇಲೆ ನನ್ನ ತಾಯಿ ಗುರುಲಿಂಗವ್ವ ಮಾಡಿದ ಕೆಲಸವನ್ನು ತಮ್ಮ ಕಚೇರಿ ಚಿತ್ರೀಕರಿಸಿತು. ಅಮೆರಿಕದ ಪ್ರದರ್ಶನಕ್ಕೆಂದು ಅದನ್ನು ಅಲ್ಲಿ ಮಾತ್ರ ನೋಡುವಂತೆ ಬೀಗ ಹಾಕಿ, ಮಿಕ್ಕಿದ ಡಿವಿಡಿಯೊಂದನ್ನು ಶಾಲು-ಹಾರದ ಜೊತೆ ನಮಗೇ ಕೊಟ್ಟಿತು. ಈ ಔದಾರ್ಯಕ್ಕೆ ಏನೆನ್ನಲಿ?

ತಮಗೆ ನೆನಪಿರಲಿಕ್ಕಿಲ್ಲ, ಇಳಕಲ್ ಸೀರೆಯಲ್ಲಿ ಸೆರಗಿನ ಎಳೆ ಬೇರೆ, ಒಡಲಿನ ಎಳೆ ಬೇರೆ. ಎರಡನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ನಮ್ಮಲ್ಲಿ ಕೊಂಡಿ ಅವ್ವನದು, ನೇಯ್ಗೆ ನನ್ನ ಹೆಂಡತಿ ರತ್ನವ್ವನದು, ಮಾರುವ ಬಾಯಿ ನನ್ನದು. ಹೋದ ವರ್ಷ ಅವ್ವ ತೀರಿಕೊಂಡಳು. ಈಗ ರತ್ನವ್ವ ಹಾಕಿದ ಕೊಂಡಿ ಲಾಳಿ ಓಡುತ್ತಲೇ ಬಿಚ್ಚಿಕೊಳ್ಳುತ್ತದೆ. ಅವ್ವನ ಬೆರಳು ಎಳೆಯನ್ನು ಹೇಗೆ ತಿರುವುತ್ತಿತ್ತೆಂಬುದು ಇರುವುದು ಆ ಡಿವಿಡಿಯಲ್ಲಿ ಮಾತ್ರ. ಮಗ್ಗ ನಿಂತಿದೆ.

ಪ್ಲೇಯರ್ ಹುಡುಕಿಕೊಂಡು ಹುನಗುಂದಕ್ಕೆ ಹೋದೆ. ಅಂಗಡಿಯ ಸಂಗಯ್ಯನವರು ದೂಳು ಒರೆಸಿ ದೊಡ್ಡ ಕಂಪನಿಯದೊಂದನ್ನು ಇಳಿಸಿದರು. "ಎಲ್ಲಾ ಓಡತೈತ್ರಿ ಸಾವಕಾರ್ರ. ಸಿನಿಮಾ, ಹಾಡು, ಫೋಟೋ, ಪೆನ್‌ಡ್ರೈವ್, ಏನರ ಹಾಕ್ರಿ." ಸೀರೆ ಮಗುಚಿ ಕೊಂಡಿ ನೋಡದೆ ಕೊಳ್ಳಬೇಡಿ ಎಂದು ಗಿರಾಕಿಗಳಿಗೆ ಉಪದೇಶಿಸುವ ನಾನು, ಅವರ ಗಲ್ಲೆಯ ಪಕ್ಕದಲ್ಲಿದ್ದ ನಕಲಿ ಸಿನಿಮಾ ಡಿಸ್ಕನ್ನೇ ಹಾಕಿಸಿ ನೋಡಿ, ಖುಷಿಯಾಗಿ ಕೊಂಡುತಂದೆ. ಮನೆಯಲ್ಲಿ ತಮ್ಮ ಡಿಸ್ಕ್ ಹಾಕಿದರೆ, ಈ ವಲಯಕ್ಕೆ ಅನುಮತಿ ಇಲ್ಲವೆಂಬ ಇಂಗ್ಲಿಷ್ ಅಪ್ಪಣೆ!

"ಏನ್ರಿ, ನಮ್ಮತ್ತೀನ ನಾವು ನೋಡಾಕ ಯಾರ ಪರವಾನಗಿ ಬೇಕ್ರಿ?" ಎಂದಳು ರತ್ನವ್ವ.

ಮರಳಿ ಹೋದೆ. ಒಂದು ಕಡೆಯ ಡಿಸ್ಕ್ ಇನ್ನೊಂದು ಕಡೆಯ ಪ್ಲೇಯರಿನಲ್ಲಿ ಓಡದಂತೆ ಜಗತ್ತನ್ನು ವಲಯಗಳಾಗಿ ಹಂಚಿದ್ದಾರಂತೆ. ಅಮೆರಿಕ ಒಂದನೆಯದು, ನಾವು ಐದನೆಯದು. "ಇದು ಖರೆ ಡಿಸ್ಕ್ ಐತ್ರಿ, ಅದಕ್ಕ ತಕರಾರು," ಎಂದರು ಸಂಗಯ್ಯನವರು. "ಕಳ್ಳ ಮಾಲ ಇದ್ದಿದ್ರ ಬೀಗ ಇರ್ತಿದ್ದಿಲ್ಲ, ಓಡ್ತಿತ್ತು."

"ಹಂಗಾದ್ರ ಸರ್ಕಾರದ ಮಾಲಿಗೆ ಎಂಥಾ ಮಷಿನ್ ಬೇಕ್ರಿ ಅಯ್ಯನೋರ?"

"ಹೆಸರಿಲ್ಲದ್ದು ತಗೋರಿ. ಸೋವಿನೂ ಐತಿ, ಯಾರ ಮಾತೂ ಕೇಳಂಗಿಲ್ಲ."

ಆ ಅನಾಮಿಕ ಯಂತ್ರ ತಮ್ಮ ಬೀಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪರದೆಯ ಮೇಲೆ ಅವ್ವ ಬಂದಳು. ರತ್ನವ್ವ ಎಳೆ ಹಿಡಿದೇ ಕುಳಿತಿದ್ದಳು. ಅವ್ವ ಎರಡು ಎಳೆ ಎತ್ತಿಕೊಂಡಳು, ಬೆರಳು ಬಾಗಿಸಿದಳು. ಅಷ್ಟರಲ್ಲಿ ತಾವು ಬಂದಿರಿ! ಕೋಟು ತೊಟ್ಟು, ಹೂದಾನಿಯ ಹಿಂದೆ ಕುಳಿತು, ಈ ಕಲೆ ಉಳಿಯಬೇಕು ಎಂದಿರಿ. ತಾವು ಮುಗಿಸುವಷ್ಟರಲ್ಲಿ ಅವ್ವ ಕೊಂಡಿ ಮುಗಿಸಿ ಚಹಾ ಕುಡಿಯುತ್ತಿದ್ದಳು. ಹಿಂದಕ್ಕೆ ಓಡಿಸಿದೆವು, ಮತ್ತೆ ತಾವೇ.

"ಈ ಮನಷ್ಯಾನ್ನ ಸ್ವಲ್ಪ ಸರಸ್ರಿ," ಎಂದಳು ರತ್ನವ್ವ. ರಿಮೋಟಿನಲ್ಲಿ ಅಂಥ ಗುಂಡಿ ಇಲ್ಲ, ಮಾನ್ಯರೇ.

ಆ ದಿನ ತಮ್ಮವರು ಇಡೀ ಮಧ್ಯಾಹ್ನ ಅವ್ವನ ಕೈಯನ್ನು ಚಿತ್ರೀಕರಿಸಿದ್ದಾರೆ. ಕತ್ತರಿಸಿ ಒಗೆದ ಭಾಗ ತಮ್ಮ ಯಾವುದೋ ಕಪಾಟಿನಲ್ಲಿ ಇದ್ದೇ ಇರಬೇಕು. ಅದನ್ನು ಬೀಗವಿಲ್ಲದೆ, ತಮ್ಮ ಮುಖವಿಲ್ಲದೆ, ಇದ್ದಂತೆಯೇ ಕಳಿಸಿಕೊಡಿ. ಕಲೆ ಉಳಿಯಬೇಕೆಂದು ಹೇಳಿದವರು ತಾವೇ ಅಲ್ಲವೇ? ಹಾಗಾದರೆ ದಯಮಾಡಿ ಪಕ್ಕಕ್ಕೆ ಸರಿಯಿರಿ. ಅವ್ವನ ಕೈ ಕಾಣಲಿ.

ಇಂತಿ,
ಕೊಂಡಿ ಕಲಿಯಹೋಗಿ ತಮ್ಮ ಭಾಷಣ ಬಾಯಿಪಾಠ ಮಾಡಿಕೊಂಡ ಮನೆಯ ಯಜಮಾನ,
ಶಿವಪುತ್ರ, ಸೀರೆ ವ್ಯಾಪಾರಿ, ಇಳಕಲ್